ಬುಡದ ಮಣ್ಣು

ನಮ್ಮ ಮನೆಯ ತಾರಸಿಗೆ ಬಂದವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ತಟ್ಟೆಯಂಥ ಕುಂಡದಲ್ಲಿ ನಿಂತಿರುವ ಮೊಳದೆತ್ತರದ ಮರವನ್ನು ಬಗ್ಗಿ ನೋಡಿ, "ಇದಕ್ಕೆ ವಯಸ್ಸೆಷ್ಟು?" ಎನ್ನುವುದು ಮೊದಲನೆಯದು. "ಆಕಾಶಕ್ಕೆ ಬೆಳೆಯಬೇಕಾದ ಮರವನ್ನು ಹೀಗೆ ಕುಗ್ಗಿಸಿಡುವುದು ಹಿಂಸೆಯಲ್ಲವೇ?" ಎನ್ನುವುದು ಎರಡನೆಯದು. ಎರಡಕ್ಕೂ ನನ್ನಲ್ಲಿ ಸಿದ್ಧ ಉತ್ತರಗಳಿವೆ. ಆದರೆ ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ: "ಈ ಮರ ಎಲ್ಲಿಂದ ಬಂತು?" ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರು ಇಬ್ಬರೇ. ಒಬ್ಬಾಕೆ ನನ್ನ ತಾಯಿ. ಇನ್ನೊಬ್ಬಳು ಪಕ್ಕದ ಮನೆಯ ಹುಡುಗಿ. ಆ ಇಬ್ಬರ ನಡುವಿನ ಕಾಲದಲ್ಲಿ ನಾನು ಕಲಿತದ್ದನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ನಾವು ರಾಜರಾಜೇಶ್ವರಿನಗರಕ್ಕೆ ಬಂದದ್ದು 1995ರಲ್ಲಿ. ಮೈಸೂರು ರಸ್ತೆಯ ಕಮಾನನ್ನು ದಾಟಿ ಒಳಗೆ ಬಂದರೆ ನಿವೇಶನಗಳ ಗುರುತುಕಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ, ಉಳಿದಂತೆ ಕುರುಚಲು ಗಿಡಗಳ ದಿಣ್ಣೆಗಳು. ಈಗಿನಂತೆ ಮೆಟ್ರೊ ನಿಲ್ದಾಣವಾಗಲಿ ಬಹುಮಹಡಿ ಕಟ್ಟಡಗಳ ಸಾಲಾಗಲಿ ಇರಲಿಲ್ಲ. ಸಂಜೆಯಾದರೆ ಪಟ್ಟಣಗೆರೆಯ ಕಡೆಯಿಂದ ಮೇಕೆಗಳ ಮಂದೆ ನಮ್ಮ ಬೀದಿಯಲ್ಲೇ ಹಾದುಹೋಗುತ್ತಿತ್ತು. ಶಾಲಾ ಶಿಕ್ಷಕನಾಗಿದ್ದ ನಾನು ಒಮ್ಮೆ ಮಕ್ಕಳನ್ನು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದೊಯ್ದಾಗ ಮೊದಲ ಬಾರಿಗೆ ಬೋನ್ಸಾಯ್ ಮರಗಳನ್ನು ಕಂಡೆ. ಅಂಗೈ ಮೇಲೆ ಹೊರಬಹುದಾದ ಆಲದ ಮರ, ಅದರ ಕೊಂಬೆಗಳಿಂದ ದಾರದಂತೆ ಇಳಿದ ಬಿಳಲುಗಳು! ಮಕ್ಕಳು ಮುಂದೆ ಹೋದರೂ ನಾನು ಅಲ್ಲೇ ನಿಂತುಬಿಟ್ಟೆ.

ಜಪಾನೀ ಭಾಷೆಯಲ್ಲಿ 'ಬೋನ್' ಎಂದರೆ ಆಳವಿಲ್ಲದ ಕುಂಡ, 'ಸಾಯ್' ಎಂದರೆ ನೆಡುವುದು. ಕಲೆಯ ಮೂಲ ಚೀನಾದೇಶದ್ದು. ಅಲ್ಲಿ 706ರಲ್ಲಿ ನಿರ್ಮಿತವಾದ ರಾಜಕುಮಾರನೊಬ್ಬನ ಸಮಾಧಿಯ ಗೋಡೆಯ ಮೇಲೆ, ಪುಟ್ಟ ಕಲ್ಲುಗಳೂ ಗಿಡಗಳೂ ಇರುವ ತಟ್ಟೆಯನ್ನು ಹಿಡಿದು ನಡೆವ ಪರಿಚಾರಕರ ಚಿತ್ರವಿದೆ. ಅದು ಜಪಾನಿಗೆ ಹೋಗಿ, ಅಲ್ಲಿ ಹದಗೊಂಡು, ಇಪ್ಪತ್ತನೆಯ ಶತಮಾನದಲ್ಲಿ ಲೋಕವನ್ನೆಲ್ಲ ಸುತ್ತಿತು. ಬೋನ್ಸಾಯನ್ನು ಬೀಜದಿಂದ ಬೆಳೆಸಬಹುದು, ರೆಂಬೆ ನೆಟ್ಟು ಬೆಳೆಸಬಹುದು, ನರ್ಸರಿಯ ಗಿಡದಿಂದ ರೂಪಿಸಬಹುದು. ಆದರೆ ಹವ್ಯಾಸಿಗಳು ಹೆಚ್ಚು ಆಸೆಪಡುವುದು ಕಾಡಿನಿಂದ ಕಿತ್ತು ತಂದ ಮರಕ್ಕೆ. ಅದಕ್ಕೆ ಜಪಾನೀಯರು 'ಯಮಾದೊರಿ' ಎನ್ನುತ್ತಾರೆ. ಬೆಟ್ಟದಿಂದ ತಂದದ್ದು ಎಂದರ್ಥ.

ಆ ಆಸೆಗೆ ಕಾರಣವಿಲ್ಲದಿಲ್ಲ. ಬಂಡೆಯ ಸಂದಿನಲ್ಲಿ ಹುಟ್ಟಿದ ಗಿಡಕ್ಕೆ ಮಣ್ಣು ಕಡಿಮೆ, ನೀರು ಕಡಿಮೆ. ಗಾಳಿ ಅದನ್ನು ಒಂದೇ ಕಡೆಗೆ ಬಾಗಿಸುತ್ತದೆ. ಚಿಗುರಿದಾಗಲೆಲ್ಲ ಮೇಕೆ ಬಂದು ಮೇಯುತ್ತದೆ. ಹೀಗೆ ಮೂವತ್ತು ನಲವತ್ತು ವರ್ಷ ಕಳೆದರೆ ಎತ್ತರ ಮೊಳಕಾಲಿನಷ್ಟೇ ಉಳಿದು, ಕಾಂಡ ಮಾತ್ರ ಮುಂಗೈ ದಪ್ಪವಾಗಿ, ತೊಗಟೆ ಬಿರಿದು, ಮುದಿಮರದ ಗಾಂಭೀರ್ಯ ಬರುತ್ತದೆ. ಮನುಷ್ಯ ಒಂದು ಆಯುಷ್ಯವೆಲ್ಲ ಕುಳಿತು ಮಾಡಬೇಕಾದ ಕೆಲಸವನ್ನು ಕಷ್ಟವೇ ಮಾಡಿ ಮುಗಿಸಿರುತ್ತದೆ. ಗುದ್ದಲಿ ಹಿಡಿದವನಿಗೆ ಅದು ಪುಕ್ಕಟೆ ಸಿಗುತ್ತದೆ. ಜಪಾನಿನ ಶಿಕೋಕು ದ್ವೀಪದ ಇಶಿಜುಚಿ ಪರ್ವತದಲ್ಲಿ ಹಿಂದೆ ಜುನಿಪರ್ ಎಂಬ ಮರಗಳಿಗಾಗಿ ಜನರು ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಿಗೆ ಇಳಿಯುತ್ತಿದ್ದರಂತೆ. ಕಿತ್ತು ಕಿತ್ತು ಕೊನೆಗೆ ಆ ಬೆಟ್ಟದಲ್ಲಿ ಒಳ್ಳೆಯ ಮರಗಳೇ ಬರಿದಾದವು.

ನಾನು ಬಂಡೆಗಿಳಿಯಲಿಲ್ಲ. ಆದರೆ 1998ರ ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಹಾರೆ, ಗೋಣಿಚೀಲಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ತುರಹಳ್ಳಿ ಕಾಡಿನ ಅಂಚಿಗೆ ಹೋದೆ. ಅಲ್ಲಿ ಬಂಡೆಯ ಪಕ್ಕದಲ್ಲೊಂದು ಕಾರೆಗಿಡವನ್ನು ಮೊದಲೇ ನೋಡಿಟ್ಟಿದ್ದೆ. ಮೇಕೆಗಳು ಮೇದು ಮೇದು ಅದನ್ನು ಕೊಡೆಯ ಆಕಾರಕ್ಕೆ ತಂದಿದ್ದವು. ಎರಡು ಗಂಟೆ ಅಗೆದೆ. ತಾಯಿಬೇರು ಬಂಡೆಯ ಸೀಳಿನೊಳಗೆ ಇಳಿದಿತ್ತು. ಅದನ್ನು ಮಚ್ಚಿನಿಂದ ಕಡಿದೆ. ಭಾರ ಕಡಿಮೆಯಾಗಲೆಂದು ಬುಡಕ್ಕಂಟಿದ್ದ ಮಣ್ಣನ್ನೆಲ್ಲ ಕೊಡವಿದೆ. ಮನೆಗೆ ತಂದು ಬೇರನ್ನು ನಲ್ಲಿಯ ಕೆಳಗೆ ತೊಳೆದು, ಕೊಂಡು ತಂದಿದ್ದ ಚೆಂದದ ಕುಂಡದಲ್ಲಿ ಕೆಂಪುಮಣ್ಣು, ಕೊಟ್ಟಿಗೆಗೊಬ್ಬರ ತುಂಬಿ ನೆಟ್ಟೆ. ಆ ರಾತ್ರಿ ಟಾರ್ಚು ಹಿಡಿದು ಮೂರು ಬಾರಿ ಅದನ್ನು ನೋಡಿ ಬಂದೆ.

ಆ ದಿನಗಳಲ್ಲಿ ನನ್ನ ತಾಯಿ ಹಾಸನದ ಕಡೆಯಿಂದ ಬಂದು ನಮ್ಮೊಡನಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ತಾರಸಿಗೆ ಬಂದವರು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

"ಇದನ್ನ ಎಲ್ಲಿಂದ ತಂದೆ ಮಗ?"

ಹೇಳಿದೆ.

"ಯಾರನ್ನ ಕೇಳಿ ತಂದೆ?"

ಕಾಡಿನ ಗಿಡಕ್ಕೆ ಯಾರನ್ನು ಕೇಳುವುದು ಎಂದು ನಕ್ಕೆ. ಅವರು ನಗಲಿಲ್ಲ. ಬೆರಳಿನಿಂದ ಕುಂಡದ ಮಣ್ಣನ್ನು ಸ್ವಲ್ಪ ಕೆದಕಿ, "ಇದರ ಬುಡದ ಮಣ್ಣೆಲ್ಲಿ? ಎಲ್ಲಾ ತೊಳದು ತಂದಿದ್ದೀಯಲ್ಲಪ್ಪ" ಎಂದರು. ಮತ್ತೇನೂ ಹೇಳದೆ ಕೆಳಗಿಳಿದು ಹೋದರು.

ಅವರ ಮಾತಿನ ಹಿಂದೆ ಏನಿತ್ತೆಂಬುದು ನನಗೆ ತಿಳಿಯದ್ದೇನಲ್ಲ. ನಮ್ಮ ಊರು ಹೇಮಾವತಿ ದಂಡೆಯ ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ದೇವಾಲಯವು ಇಂದಿಗೂ ಅಲ್ಲಿ ನೀರಿನ ನಡುವೆ ನಿಂತಿದೆ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ಗೋಡೆಗಳನ್ನು ನೋಡಲು ಈಗ ದೂರದೂರದಿಂದ ಪ್ರವಾಸಿಗರು ಬರುತ್ತಾರೆ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ನೀರು ಏರುವ ಮೊದಲೇ ಊರು ಏಳಬೇಕಾಯಿತು. ಆಗ ನಾನು ನೌಕರಿಯ ಮೇಲೆ ಬೇರೆ ಕಡೆಯಿದ್ದೆ. ಜನ ಬಾಗಿಲು, ತೊಲೆ, ಹೆಂಚುಗಳನ್ನು ಬಿಚ್ಚಿ ಗಾಡಿಗೆ ಹೇರಿಕೊಂಡು ಹೋದರಂತೆ. ನನ್ನ ತಾಯಿ ಒಯ್ದದ್ದು ಹಿತ್ತಲ ಕರಿಬೇವಿನ ಸಸಿಯನ್ನು. ಬುಡದ ಸುತ್ತ ಒಂದು ಮಂಕರಿ ತುಂಬುವಷ್ಟು ಕಪ್ಪು ಮಣ್ಣಿನ ಹೆಂಟೆಯೊಡನೆ ಅದನ್ನು ಎತ್ತಿಕೊಂಡು ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರೆಂದು ಅಪ್ಪ ಹೇಳುತ್ತಿದ್ದರು. ಹೊಸ ಊರಿನ ಕಲ್ಲುನೆಲದಲ್ಲಿ ಮೊದಲು ಚಿಗುರಿದ್ದು ಆ ಕರಿಬೇವು.

ನನ್ನ ಕಾರೆಗಿಡ ಇಪ್ಪತ್ತು ದಿನ ಹಸುರಾಗಿಯೇ ಇತ್ತು. ಎರಡು ಚಿಗುರುಗಳೂ ಮೂಡಿದವು. ಗೆದ್ದೆನೆಂದುಕೊಂಡೆ. ಆದರೆ ಅದು ಜೀವದ ಲಕ್ಷಣವಾಗಿರಲಿಲ್ಲ. ಕಿತ್ತ ಮರದ ಕಾಂಡದಲ್ಲಿ ಕೂಡಿಟ್ಟ ನೀರು ಮತ್ತು ಆಹಾರ ಇರುತ್ತದೆ. ಬೇರು ಸತ್ತಿದ್ದರೂ ಆ ಉಳಿತಾಯವನ್ನೇ ಖರ್ಚು ಮಾಡಿ ಮರ ಚಿಗುರುತ್ತದೆ. ನೀರನ್ನು ಹೀರುವುದು ದಪ್ಪ ಬೇರುಗಳಲ್ಲ, ಕೂದಲಿನಷ್ಟು ಸಣ್ಣ ಬೇರುಗಳು. ಮಣ್ಣು ಕೊಡವಿದಾಗಲೇ ಅವನ್ನೆಲ್ಲ ನಾನು ಹರಿದು ಹಾಕಿದ್ದೆ. ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಗಳು ಇರುವುದೂ ಆ ಮಣ್ಣಿನಲ್ಲೇ. ಅವನ್ನು ನಲ್ಲಿಯ ನೀರಿನಲ್ಲಿ ತೊಳೆದು ಚರಂಡಿಗೆ ಹರಿಸಿದ್ದೆ. ಸಾಲದೆಂಬಂತೆ ಉರಿಬೇಸಿಗೆಯಲ್ಲಿ ಕಿತ್ತು, ಬಿಗಿಮಣ್ಣಿನಲ್ಲಿ ನೆಟ್ಟಿದ್ದೆ. ಮೇ ತಿಂಗಳ ಮಧ್ಯಭಾಗದಲ್ಲಿ ಎಲೆಗಳು ಒಂದೇ ವಾರದಲ್ಲಿ ಉದುರಿದವು. ಉಗುರಿನಿಂದ ತೊಗಟೆ ಗೀರಿದರೆ ಒಳಗೆ ಹಸುರಿನ ಬದಲು ಕಂದು ಬಣ್ಣವಿತ್ತು.

ಬಂಡೆಯ ಸಂದಿನಲ್ಲಿ ಗಾಳಿ, ಬರ, ಮೇಕೆಗಳೆಲ್ಲವನ್ನೂ ತಾಳಿಕೊಂಡು ಬದುಕಿದ್ದ ಜೀವವೊಂದು ನನ್ನ ಪ್ರೀತಿಯನ್ನು ಆರು ವಾರ ತಾಳಲಿಲ್ಲ. ನನ್ನದು ಪ್ರೀತಿಯೆಂದು ನಾನು ನಂಬಿದ್ದೆ. ಅದನ್ನು ಕಳವು ಎಂದು ಕರೆಯಲು ಇನ್ನೂ ಕೆಲವು ತಿಂಗಳು ಬೇಕಾಯಿತು. ಅರಣ್ಯಭೂಮಿಯಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಇಲ್ಲದಿದ್ದರೂ ತಾಯಿಯ ಎರಡನೆಯ ಪ್ರಶ್ನೆ ಇದ್ದೇ ಇರುತ್ತಿತ್ತು. ಒಂದು ನೋಟುಪುಸ್ತಕ ತಂದು ಮೊದಲ ಪುಟದಲ್ಲಿ ಬರೆದೆ: "ಕಾರೆ. ತುರಹಳ್ಳಿ. ಏಪ್ರಿಲ್ 1998. ಅನುಮತಿ: ಇಲ್ಲ. ಸತ್ತದ್ದು: ಮೇ 1998."

ಅಲ್ಲಿಂದ ಹತ್ತು ವರ್ಷ ನಾನು ನೆಲದಿಂದ ಒಂದು ಗಿಡವನ್ನೂ ಕೀಳಲಿಲ್ಲ. ಬೀಜದಿಂದ ಹುಣಸೆ, ರೆಂಬೆಯಿಂದ ಆಲ ಬೆಳೆಸಿದೆ. ತಾಯಿ 2006ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ನಮ್ಮ ಬಡಾವಣೆ ತುಂಬಿತ್ತು. ನಮಗಿಂತ ಮುಂಚೆ ಕಟ್ಟಿದ್ದ ಸಣ್ಣ ಮನೆಗಳನ್ನು ಒಡೆದು ನಾಲ್ಕಂತಸ್ತು ಏರಿಸುವ ಕಾಲ ಬಂದಿತ್ತು.

2009ರ ಜುಲೈಯಲ್ಲಿ ಹಿಂದಿನ ಬೀದಿಯ ಮನೆಯೊಂದನ್ನು ಕೆಡವುತ್ತಿದ್ದರು. ಅದರ ನೀರಿನ ತೊಟ್ಟಿಯ ಗೋಡೆಯಲ್ಲಿ ಬಸರಿ ಗಿಡವೊಂದು ಬೆಳೆದು ನಿಂತಿದ್ದನ್ನು ದಿನವೂ ನೋಡುತ್ತಿದ್ದೆ. ಬೆಂಗಳೂರಿನ ಯಾವ ಹಳೆಯ ಗೋಡೆಯನ್ನು ನೋಡಿದರೂ ಅರಳಿ, ಆಲ, ಅತ್ತಿ, ಬಸರಿಗಳಲ್ಲಿ ಒಂದು ಕಾಣುವುದು ಖಂಡಿತ. ಕುಟ್ರುಹಕ್ಕಿ, ಗೊರವಂಕ, ಬಾವಲಿಗಳು ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ ಬೀಜ ಮೊಳೆಯುತ್ತದೆ. ಬೇರು ಗಾರೆಯ ಬಿರುಕನ್ನು ಹುಡುಕಿಕೊಂಡು ಇಳಿಯುತ್ತದೆ. ಗೋಡೆಗೂ ಅಪಾಯ, ಮರಕ್ಕೂ ಭವಿಷ್ಯವಿಲ್ಲ. ಮನೆಯವರು ವರ್ಷಕ್ಕೊಮ್ಮೆ ಕಡಿಸುತ್ತಾರೆ, ಸೀಮೆಎಣ್ಣೆಯನ್ನೋ ಆಸಿಡ್ಡನ್ನೋ ಸುರಿಸುತ್ತಾರೆ. ಆದರೂ ಅದು ಮತ್ತೆ ಚಿಗುರುತ್ತದೆ. ಬೆಟ್ಟದಲ್ಲಿ ಮೇಕೆ ಮಾಡುವ ಕೆಲಸವನ್ನೇ ನಗರದಲ್ಲಿ ಮಚ್ಚು ಮಾಡುತ್ತದೆ. ನಮ್ಮ ಊರಿನ 'ಯಮಾದೊರಿ' ಇರುವುದು ಕಾಡಿನಲ್ಲಲ್ಲ, ಒಡೆಯಲಿರುವ ಗೋಡೆಗಳಲ್ಲಿ ಎಂದು ಆಗ ಹೊಳೆಯಿತು.

ಮನೆಯ ಯಜಮಾನರ ಬಳಿಗೆ ಹೋಗಿ ಕೇಳಿದೆ. "ಇಂಥದ್ದಕ್ಕೂ ಅಪ್ಪಣೆ ಬೇಕೇ ಮೇಷ್ಟ್ರೇ, ತೆಗೆದುಕೊಂಡು ಹೋಗಿ" ಎಂದು ಅವರು ನಕ್ಕರು. ಗೋಡೆ ಒಡೆಯುತ್ತಿದ್ದವರು ರಾಯಚೂರು ಕಡೆಯಿಂದ ಹೆಂಡತಿ ಮಕ್ಕಳೊಡನೆ ಬಂದು ಅದೇ ನಿವೇಶನದ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಗಾರೆ ಕೆಲಸದವರು. ಗೋಡೆಯ ಮೇಲ್ಭಾಗ ಬಿಚ್ಚಿದಂತೆ ಬೇರುಗಳು ಕಂಡವು. ನಾನು ಇಟ್ಟಿಗೆಗಳ ನಡುವಿನಿಂದ ಬೇರನ್ನು ಬಿಡಿಸಲು ಕೈ ಹಾಕಿದಾಗ ಅವರು ಸುತ್ತಿಗೆ ಕೆಳಗಿಟ್ಟರು.

"ಎಳೀಬ್ಯಾಡ್ರಿ ಸರ. ಬೇರು ಇಟ್ಟಿಗಿನ ಗಟ್ಟಿ ಹಿಡದಾವ್ರಿ. ಎಳದ್ರ ಹರೀತಾವು. ಇಟ್ಟಿಗಿ ಸಮೇತ ಒಯ್ರಿ."

ನಾನು ಸುಮ್ಮನೆ ನಿಂತೆ. ಹನ್ನೊಂದು ವರ್ಷಗಳ ಹಿಂದೆ ಕುಂಡದ ಮುಂದೆ ಕುಳಿತು ನನ್ನ ತಾಯಿ ಹೇಳಿದ್ದೂ ಇದೇ ಅಲ್ಲವೇ? ಅವರು ಉಳಿಯಿಂದ ಗಾರೆಯನ್ನು ಮೆಲ್ಲನೆ ಬಿಡಿಸಿ, ಎರಡು ಇಡೀ ಇಟ್ಟಿಗೆ ಮತ್ತು ಒಂದು ತುಂಡನ್ನು ತಬ್ಬಿಕೊಂಡ ಹಾಗೆಯೇ ಬಸರಿಯನ್ನು ಕೈಗಿತ್ತರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಬದುಕಿದರೆ ತೋರಿಸಿ ಎಂದಷ್ಟೇ ಹೇಳಿದರು.

ಈ ಸಲ ತಪ್ಪು ಮಾಡಲಿಲ್ಲ. ಮಳೆಗಾಲ ನನ್ನ ಪರವಾಗಿತ್ತು. ಬೇರುಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದೆ. ಕಡಿಮೆಯಾದ ಬೇರಿಗೆ ಎಲ್ಲ ಎಲೆಗಳನ್ನೂ ಸಾಕುವ ಶಕ್ತಿಯಿರುವುದಿಲ್ಲವಾದ್ದರಿಂದ ಮೇಲಿನ ಕೊಂಬೆಗಳನ್ನು ಕತ್ತರಿಸಿ, ಎಲೆಗಳನ್ನು ತೆಗೆದೆ. ಗಾಯದಿಂದ ಸುರಿದ ಹಾಲು ನೀರು ಚಿಮುಕಿಸಿದಾಗ ನಿಂತಿತು. ಚೆಂದದ ಕುಂಡದ ಬದಲು ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ತೂತು ಕೊರೆದು, ದಪ್ಪ ಮರಳು ಮತ್ತು ಇಟ್ಟಿಗೆಚೂರುಗಳನ್ನು ತುಂಬಿ, ಮೇಲೆ ಒಂದು ಹಿಡಿ ಎಲೆಗೊಬ್ಬರ ಹಾಕಿದೆ. ನೀರು ನಿಲ್ಲಬಾರದು, ಗಾಳಿ ಆಡಬೇಕು. ಬಸರಿಗೆ ತನ್ನ ಇಟ್ಟಿಗೆಗಳೂ ಜೊತೆಗಿದ್ದವು. ಇಡೀ ಗಿಡಕ್ಕೆ ತೆಳು ಪ್ಲಾಸ್ಟಿಕ್ ಹೊದಿಸಿ ನೆರಳಿನಲ್ಲಿಟ್ಟೆ. ಮುಟ್ಟಲಿಲ್ಲ, ಅಲುಗಿಸಲಿಲ್ಲ. ನಲವತ್ತನೆಯ ದಿನದ ಸುಮಾರಿಗೆ ಕಾಂಡದಿಂದ ಕೆಂಪು ಮೊಗ್ಗುಗಳು ಹೊಮ್ಮಿದವು. ಹಳೆಯ ಪಾಠ ನೆನಪಿದ್ದುದರಿಂದ ಆಗಲೂ ಸಂಭ್ರಮಿಸಲಿಲ್ಲ. ಟಬ್ಬಿನ ತೂತಿನಿಂದ ಬಿಳಿಯ ಬೇರಿನ ತುದಿ ಹೊರಗೆ ಇಣುಕಿದಾಗ ಮಾತ್ರ ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಗಾರೆ ಕೆಲಸದವರಿಗೂ ತೋರಿಸಬೇಕೆಂದು ಹೋದರೆ ಶೆಡ್ಡು ಖಾಲಿಯಾಗಿತ್ತು. ಅವರು ಇನ್ನೊಂದು ಮನೆ ಕಟ್ಟಲು ಇನ್ನೊಂದು ಬಡಾವಣೆಗೆ ಹೋಗಿದ್ದರು.

ಕಿತ್ತು ತಂದ ಮರಕ್ಕೆ ಮೊದಲ ವರ್ಷ ತಂತಿ ಸುತ್ತಬಾರದು, ಬಾಗಿಸಬಾರದು. ಬದುಕುವುದಕ್ಕೆ ಒಂದು ವರ್ಷ, ಬೇರೂರುವುದಕ್ಕೆ ಇನ್ನೊಂದು ವರ್ಷ, ಆಮೇಲೆ ರೂಪ. ಹೊಸದಾಗಿ ಬಂದವರ ಮೇಲೆ ನಮ್ಮ ಮನೆಯ ಶಿಸ್ತನ್ನು ಮೊದಲ ದಿನವೇ ಹೇರುವುದು ಸಲ್ಲದೆಂಬುದು ಮರಕ್ಕಷ್ಟೇ ಅನ್ವಯಿಸುವ ಮಾತಲ್ಲ.

ಹಾಗಾದರೆ ಎರಡನೆಯ ಪ್ರಶ್ನೆಗೆ, ಅಂದರೆ ಹಿಂಸೆಯ ಪ್ರಶ್ನೆಗೆ, ಉತ್ತರವೇನು? ಬೋನ್ಸಾಯ್ ಮರವನ್ನು ಉಪವಾಸ ಕೆಡವಿ ಕುಳ್ಳಾಗಿಸುತ್ತಾರೆಂಬುದು ತಪ್ಪು ತಿಳುವಳಿಕೆ. ಅದಕ್ಕೆ ಗೊಬ್ಬರ, ಬಿಸಿಲು, ದಿನವೂ ನೀರು ಬೇಕು. ಎರಡು ಮೂರು ವರ್ಷಕ್ಕೊಮ್ಮೆ ಬೇರು ಕತ್ತರಿಸಿ ಮಣ್ಣು ಬದಲಿಸಿದರೆ ಹೊಸ ಬೇರು ಹೊರಟು ಮರ ಹರೆಯಕ್ಕೆ ಮರಳುತ್ತದೆ. ಆದರೆ ಇಷ್ಟಕ್ಕೇ ಸಮಾಧಾನಪಟ್ಟರೆ ಆತ್ಮವಂಚನೆಯಾದೀತು. ಇಲ್ಲಿಂದ ಕೆಂಗೇರಿ ದಾಟಿ ರಾಮೋಹಳ್ಳಿಗೆ ಹೋದರೆ ದೊಡ್ಡ ಆಲದಮರವಿದೆ. ಸುಮಾರು ನಾನೂರು ವರ್ಷದ್ದೆನ್ನುವ ಆ ಒಂದೇ ಮರ ಮೂರು ಎಕರೆಯಷ್ಟು ಹರಡಿದೆ. ಮೂಲ ಕಾಂಡ ರೋಗದಿಂದ ನಶಿಸಿಹೋಗಿದ್ದರೂ ಬಿಳಲುಗಳೇ ಕಂಬಗಳಾಗಿ ಅದನ್ನು ಹೊತ್ತು ನಿಂತಿವೆ. ಅದರ ಹಣ್ಣಿನಿಂದ ಎಷ್ಟು ಹಕ್ಕಿಗಳ ಹೊಟ್ಟೆ ತುಂಬುತ್ತದೆ! ನನ್ನ ಕುಂಡದ ಆಲ ಎಷ್ಟು ಸುಂದರವಾದರೂ ಒಂದು ಗೊರವಂಕದ ಸಂಸಾರವನ್ನೂ ಸಾಕಲಾರದು. ಆದ್ದರಿಂದ ಒಂದು ನಿಯಮ ಮಾಡಿಕೊಂಡೆ. ನೆಲದಲ್ಲಿ ಬದುಕಲು ಎಡೆಯಿರುವ ಮರವನ್ನು ಮುಟ್ಟಕೂಡದು. ಸಾಯಲಿರುವುದನ್ನು ಮಾತ್ರ, ಕೇಳಿ ತರಬೇಕು. ತಂದದ್ದಕ್ಕೆ ಎಂದಾದರೂ ನೆಲ ಸಿಕ್ಕರೆ ನೆಲಕ್ಕೇ ಬಿಡಬೇಕು.

ಮೂರನೆಯ ಮಾತನ್ನು ಪಾಲಿಸುವ ಪರೀಕ್ಷೆ 2024ರಲ್ಲಿ ಬಂತು. ಆ ಫೆಬ್ರುವರಿಯಲ್ಲಿ ನನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಮೆಟ್ಟಿಲು ಹತ್ತುವಂತಿರಲಿಲ್ಲ. ಅದೇ ಬೇಸಿಗೆ ಬೆಂಗಳೂರಿಗೆ ನೀರಿನ ಬರ. ನಮ್ಮ ಬಡಾವಣೆಯಲ್ಲೂ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾಯುತ್ತಿದ್ದರು. ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ ಐದು ಸಾವಿರ ರೂಪಾಯಿ ದಂಡವೆಂದು ಮಾರ್ಚಿಯಲ್ಲಿ ಜಲಮಂಡಳಿ ಆದೇಶಿಸಿತು. ಆಗ ತಾರಸಿಯ ಮೇಲೆ ಹದಿನೇಳು ಮರಗಳಿದ್ದವು. ನೆಲದ ಮರ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಕುಂಡದ ಮರಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದನ್ನು ಕಸಿದುಕೊಂಡವರು ನಾವು. ಬಿರುಬೇಸಿಗೆಯಲ್ಲಿ ಎರಡು ದಿನ ತಪ್ಪಿದರೂ ಮುಗಿಯಿತು. ಹಾಸಿಗೆಯ ಮೇಲೆ ಮಲಗಿ ಮೇಲ್ಛಾವಣಿಯನ್ನು ನೋಡುತ್ತ, ಅದರಾಚೆ ಒಣಗುತ್ತಿರುವ ಜೀವಗಳನ್ನು ನೆನೆದು ಅನೇಕ ರಾತ್ರಿ ನಿದ್ದೆ ಬರಲಿಲ್ಲ.

ಪಕ್ಕದ ಮನೆಯ ಹುಡುಗಿ ಆಗ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ನನ್ನ ಹೆಂಡತಿಯ ಪೇಚಾಟವನ್ನು ನೋಡಿ ಅವಳೇ ಬಂದಳು. ಎರಡೂ ಮನೆಗಳ ಅಕ್ಕಿ, ತರಕಾರಿ ತೊಳೆದ ನೀರನ್ನು ಬಕೀಟಿನಲ್ಲಿ ಕೂಡಿಟ್ಟು, ಬೆಳಿಗ್ಗೆ ಸಂಜೆ ಹೊತ್ತು ತಂದು ಲೋಟದಲ್ಲಿ ಅಳೆದು ಹಾಕಿದಳು. ಎರಡು ಹುಣಸೆಗಳು ಹೋದವು. ಹದಿನೈದು ಉಳಿದವು. ಒಂದು ಸಂಜೆ ಕೆಳಗೆ ಬಂದವಳು ಬಕೀಟು ಇಟ್ಟು ಕೇಳಿದಳು: "ತಾತ, ಆ ಇಟ್ಟಿಗೆ ಹಿಡ್ಕೊಂಡಿರೋ ಮರ ಇದೆಯಲ್ಲ, ಅದು ಎಲ್ಲಿಂದ ಬಂತು?"

ಇಪ್ಪತ್ತಾರು ವರ್ಷಗಳ ಮೇಲೆ ಆ ಪ್ರಶ್ನೆಯನ್ನು ಮತ್ತೆ ಕೇಳಿದೆ. ನೋಟುಪುಸ್ತಕವನ್ನು ಅವಳ ಕೈಗಿಟ್ಟೆ.

ಬೋನ್ಸಾಯ್ ಒಬ್ಬರ ಆಯುಷ್ಯದಲ್ಲಿ ಮುಗಿಯುವ ಕೆಲಸವಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ 1625ರಿಂದ ಕುಂಡದಲ್ಲಿ ಬೆಳೆದುಬಂದ ಪೈನ್ ಮರವೊಂದಿದೆ. ಅದು ಹಿರೋಷಿಮಾದ ಯಮಾಕಿ ಮನೆತನದ್ದು. 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ಸುಮಾರು ಮೂರು ಕಿಲೋಮೀಟರು ದೂರದಲ್ಲಿ, ಗೋಡೆಯೊಂದರ ಮರೆಯಲ್ಲಿದ್ದು ಉಳಿಯಿತು. 1976ರಲ್ಲಿ ಆ ಮನೆಯವರು ಅದನ್ನು ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟರು. 2001ರಲ್ಲಿ ಮೊಮ್ಮಕ್ಕಳು ನೋಡಲು ಬಂದಾಗಲೇ ಅದರ ಕಥೆ ಅಲ್ಲಿನವರಿಗೆ ತಿಳಿದದ್ದು. ನಾಲ್ಕು ಶತಮಾನಗಳ ಕಾಲ ಯಾರೋ ಒಬ್ಬರು ದಿನವೂ ಅದಕ್ಕೆ ನೀರು ಹಾಕಿದ್ದಾರೆ. ಮರ ತರುವವನು ತನ್ನ ನಂತರ ನೀರು ಹಾಕುವವರನ್ನೂ ಯೋಚಿಸಬೇಕೆಂಬುದು ಹಾಸಿಗೆಯ ಮೇಲಿದ್ದಾಗ ನನಗೆ ಅರ್ಥವಾಯಿತು.

ಮಳೆ ಹಿಡಿದ ಮೇಲೆ ಏಳು ಮರಗಳನ್ನು ಕೇಳಿದವರ ಹೊಲ, ಶಾಲೆಯ ಬಯಲುಗಳಿಗೆ ಕೊಟ್ಟೆ. ಅವುಗಳಲ್ಲಿ ಒಂದು ಆಲ, ಒಂದು ಅರಳಿ ನಮ್ಮವರ ಹೊಸ ಊರಿಗೆ ಹೋದವು. ಕುಂಡದಿಂದ ತೆಗೆಯುವಾಗ ಮಣ್ಣು ಉದುರದಂತೆ ಗೋಣಿಚೀಲದಲ್ಲಿ ಬಿಗಿದು, ಕಾರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಇನ್ನು ಅವು ಕುಳ್ಳಾಗಿ ಇರಬೇಕಾಗಿಲ್ಲ.

ಈಗ ತಾರಸಿಯ ಮೇಲೆ ಎಂಟು ಕುಂಡಗಳಿವೆ. ಅವುಗಳ ಹೊಣೆ ಹೆಚ್ಚುಕಡಿಮೆ ಆ ಹುಡುಗಿಯದು. ಬಸರಿಗೆ ಹೊಸ ಬೇರುಗಳು ಬಂದಿರುವುದರಿಂದ ಇಟ್ಟಿಗೆಯನ್ನು ತೆಗೆದುಬಿಡಬಹುದೇ ಎಂದು ಒಮ್ಮೆ ಕೇಳಿದಳು. ತೆಗೆಯಲಾಗದು, ಇಟ್ಟಿಗೆ ಯಾವುದು ಬೇರು ಯಾವುದು ಎಂದು ಹೇಳುವುದೇ ಈಗ ಕಷ್ಟ ಎಂದೆ. ಕಳೆದ ಮಳೆಗಾಲದಲ್ಲಿ ಅವಳು ತಮ್ಮ ಕಾಲೇಜಿನ ಒಡೆಯುತ್ತಿದ್ದ ಕಾಂಪೌಂಡಿನಿಂದ ಅಂಗೈಯಗಲದ ಅರಳಿಯೊಂದನ್ನು ಕಲ್ಲುಗಾರೆಯ ಸಮೇತ ತಂದಳು. ನೋಟುಪುಸ್ತಕದಲ್ಲಿ ತಾನೇ ದಾಖಲಿಸಿ ನನಗೆ ತೋರಿಸಿದಳು. ಎಲ್ಲಿಂದ, ಯಾವಾಗ, ಯಾರನ್ನು ಕೇಳಿ ಎಂಬ ಮೂರು ಅಂಕಣಗಳೂ ತುಂಬಿದ್ದವು.

ಪುಟ ತಿರುವುತ್ತ ಮೊದಲ ಪುಟಕ್ಕೆ ಬಂದಾಗ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಅನುಮತಿ: ಇಲ್ಲ" ಎಂಬ ಆ ಪುಟವನ್ನು ನಾನು ಹರಿದು ಹಾಕಿಲ್ಲ. ಅದು ಅಲ್ಲೇ ಇರಲಿ, ಉಳಿದ ಪುಟಗಳು ಹುಟ್ಟಿದ್ದು ಅದರಿಂದಲೇ ಎಂದು ಅವಳಿಗೆ ಹೇಳಿದೆ.